ಹಳೆಯ ಕಾರಿನ ಎಂಜಿನ್‌ನಲ್ಲಿ ಹೊಸ ಸದ್ದು: ಮೂಲ ಹುಡುಕುವ ಬಗೆ

ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ), ಕಾಂಟ್ಯಾಕ್ಟ್ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್), ಪುಶ್‌ರಾಡ್ (ವಾಲ್ವ್ ತೆರೆಯಲು ತಳ್ಳುವ ಕಡ್ಡಿ) ಇರುವ ಹಳೆಯ ಎಂಜಿನ್ ಎಂದೂ ಪೂರ್ತಿ ಸುಮ್ಮನಿರುವುದಿಲ್ಲ. ವಾಲ್ವ್ ತೆರೆಸುವ ಟ್ಯಾಪೆಟ್‌ನ ಸಣ್ಣ ಚಿಟಚಿಟ, ಫ್ಯಾನಿನ ಗಾಳಿ, ಚೈನಿನ ಗುನುಗು ಎಲ್ಲ ಅದರ ಮಾಮೂಲು ಮಾತು. ನಿನ್ನೆ ಇಲ್ಲದ ಸದ್ದು ಇವತ್ತು ಕೇಳಿದರೆ, ಇಲ್ಲವೇ ಇದ್ದ ಸದ್ದೇ ದಿನದಿನಕ್ಕೆ ಏರುತ್ತಿದ್ದರೆ ಮಾತ್ರ ಬಾನೆಟ್ ಎತ್ತಬೇಕು.

ಎತ್ತಿದ ಕೂಡಲೇ ಎಲ್ಲರೂ ಹುಡುಕುವುದು ಸದ್ದು ಎಲ್ಲಿಂದ ಬರುತ್ತಿದೆ ಎಂದು. ಈ ವಿಷಯದಲ್ಲಿ ಕಿವಿ ಮೋಸ ಮಾಡುವುದೇ ಹೆಚ್ಚು. ಎರಕದ ಕಬ್ಬಿಣದ ಬ್ಲಾಕ್ ಒಂದು ತುದಿಯ ಸದ್ದನ್ನು ಇನ್ನೊಂದು ತುದಿಗೆ ಸಲೀಸಾಗಿ ಸಾಗಿಸುತ್ತದೆ. ಸಡಿಲವಾದ ಕ್ರ್ಯಾಂಕ್ ಪುಲ್ಲಿ (ಕ್ರ್ಯಾಂಕ್ ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಸವೆದ ಬಿಗ್ ಎಂಡ್ ಬೇರಿಂಗ್‌ನ (ಪಿಸ್ಟನ್ ರಾಡ್ ಕ್ರ್ಯಾಂಕ್‌ಗೆ ಸೇರುವಲ್ಲಿರುವ ಬೇರಿಂಗ್) ಹಾಗೆ ಬಡಿಯುತ್ತದೆ, ಮ್ಯಾನಿಫೋಲ್ಡ್ (ಸಿಲಿಂಡರುಗಳ ಗಾಳಿ, ಹೊಗೆ ಸಾಗಿಸುವ ಕವಲು ಪೈಪ್) ಸೋರಿಕೆ ಟ್ಯಾಪೆಟ್‌ನ ಹಾಗೆ ಟಿಕ್ ಅನ್ನುತ್ತದೆ. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ. ಆದ್ದರಿಂದ ಮೊದಲು ಸಮಯ, ಆಮೇಲೆ ಜಾಗ.

ಕೂಡಲೇ ಎಂಜಿನ್ ಆಫ್ ಮಾಡಬೇಕಾದ ಲಕ್ಷಣಗಳು

ಕೆಳಗಿನಿಂದ ಭಾರವಾದ ಢಕ್ ಢಕ್ ಬಡಿತ ಬಂದು, ಜೊತೆಗೆ ಆಯಿಲ್ ಪ್ರೆಷರ್ ಮುಳ್ಳು ಇಳಿದರೆ ಅಥವಾ ಆಯಿಲ್ ದೀಪ ಹತ್ತಿಕೊಂಡರೆ ಅಲ್ಲೇ ಆಫ್ ಮಾಡಿ. ಮನೆಯವರೆಗೆ ನಿಧಾನವಾಗಿ ಓಡಿಸೋಣ ಎಂಬ ಆಸೆಯೇ ಬೇರಿಂಗ್ ಶೆಲ್ (ಬೇರಿಂಗಿನ ತೆಳು ಲೋಹದ ಪಟ್ಟಿ) ಬದಲಿಸಿ ಮುಗಿಯುವ ಕೆಲಸವನ್ನು ಕ್ರ್ಯಾಂಕ್ ಗ್ರೈಂಡ್ ಮಾಡಿಸುವಲ್ಲಿಗೆ, ಕೆಲವೊಮ್ಮೆ ಬ್ಲಾಕ್ ತೂತಾಗುವಲ್ಲಿಗೆ ಒಯ್ಯುವುದು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು, ಹೊಡೆತದಂಥ ಒಂದೇ ದೊಡ್ಡ ಸದ್ದಿನ ನಂತರ ಎಂಜಿನ್ ಅದುರುವುದು, ಸದ್ದಿನ ಜೊತೆ ಟೆಂಪರೇಚರ್ ಏರುವುದು: ಇವಕ್ಕೂ ಇದೇ ನಿಯಮ. ಟೋ ಮಾಡಿಸಿ.

ಉಳಿದ ಸದ್ದುಗಳಲ್ಲಿ ಹೆಚ್ಚಿನವಕ್ಕೆ ಅವಸರವಿಲ್ಲ; ಓಡಿಸಬಾರದವನ್ನು ಆಯಾ ಜಾಗದಲ್ಲಿ ಹೇಳಿದೆ.

ಹುಡುಕಾಟಕ್ಕೆ ಮೊದಲು

ಕಾರು ಬಯಲಿನಲ್ಲಿ ಅಥವಾ ಬಾಗಿಲು ಪೂರ್ತಿ ತೆರೆದ ಶೆಡ್ಡಿನಲ್ಲಿರಲಿ. ಹಳೆಯ ಎಂಜಿನ್‌ನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹೇರಳವಾಗಿರುತ್ತದೆ, ಅದಕ್ಕೆ ವಾಸನೆಯಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ಗೆ ಹಾಕಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಸೆರಗು, ದುಪಟ್ಟಾ, ಉದ್ದ ತೋಳು, ಬಿಚ್ಚಿದ ಕೂದಲು, ಕೈಗಡಿಯಾರ ಯಾವುದೂ ಫ್ಯಾನ್ ಬೆಲ್ಟಿನ ಹತ್ತಿರ ಸುಳಿಯಬಾರದು. ಕಾರಿನ ಕೆಳಗೆ ಹೋಗುವುದಿದ್ದರೆ ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಿ. ಹಳೆಯ ಎಕ್ಸಾಸ್ಟ್ ಗ್ಯಾಸ್ಕೆಟ್, ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯಿದೆ. ಅವನ್ನು ಒಣಗಿದ್ದಾಗ ಕೆರೆಯಬೇಡಿ, ಗಾಳಿ ಹೊಡೆದು ದೂಳು ಎಬ್ಬಿಸಬೇಡಿ. ಒದ್ದೆ ಮಾಡಿ ಒರೆಸಿ ತೆಗೆಯಿರಿ.

ಈಗ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಂಜಿನ್ ತಣ್ಣಗಿದ್ದಾಗ ಸದ್ದು ಜೋರೋ, ಕಾದ ಮೇಲೋ? ಐಡಲಿಂಗ್‌ನಲ್ಲೋ, ರೇಸ್ ಮಾಡಿದಾಗಲೋ, ಏರು ಹತ್ತುವಾಗಲೋ, ಆಕ್ಸಿಲರೇಟರ್ ಬಿಟ್ಟಾಗಲೋ? ಕ್ಲಚ್ ತುಳಿದರೆ ಬದಲಾಗುತ್ತದೆಯೇ? ನಿಂತಲ್ಲಿ ರೇಸ್ ಮಾಡಿದರೆ ಬಾರದೆ ಓಡುವಾಗ ಮಾತ್ರ ಬಂದು, ನ್ಯೂಟ್ರಲ್‌ಗೆ ಹಾಕಿ ಉರುಳಿಸಿದರೂ ನಿಲ್ಲದಿದ್ದರೆ ಅದು ಎಂಜಿನ್‌ನದ್ದಲ್ಲ. ಚಕ್ರ, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಶಿಯಲ್ ಕಡೆ ನೋಡಬೇಕು.

ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ: ಸದ್ದಿನ ವೇಗ ಎಷ್ಟು? ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ (ವಾಲ್ವ್‌ಗಳನ್ನು ತೆರೆಸುವ ಶಾಫ್ಟ್) ಒಂದು ಸುತ್ತು. ಹಾಗಾಗಿ ಕ್ಯಾಮ್‌ಗೆ ಸೇರಿದ ಟ್ಯಾಪೆಟ್, ರಾಕರ್ (ವಾಲ್ವನ್ನು ಒತ್ತುವ ತೂಗುತೋಳು), ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಇವುಗಳ ಸದ್ದು ಎಂಜಿನ್‌ನ ಅರ್ಧ ವೇಗದಲ್ಲಿ ಬರುತ್ತದೆ. ಟೈಮಿಂಗ್ ಲೈಟ್ (ಪ್ಲಗ್ಗಿನ ಕಿಡಿಗೆ ತಕ್ಕಂತೆ ಮಿನುಗುವ ದೀಪ) ಇದ್ದರೆ ಅದನ್ನು ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ ಸಿಕ್ಕಿಸಿ, ಬೆಳಕು ನೋಡುತ್ತ ಸದ್ದು ಕೇಳಿ. ದೀಪ ಮಿನುಗುವುದು ಕ್ರ್ಯಾಂಕ್‌ನ ಎರಡು ಸುತ್ತಿಗೆ ಒಮ್ಮೆ. ಒಂದು ಮಿನುಗಿಗೆ ಒಂದು ಬಡಿತವಾದರೆ ಅರ್ಧ ವೇಗ. ಎರಡು ಬಡಿತವಾದರೆ ಕ್ರ್ಯಾಂಕ್ ವೇಗ, ಅಂದರೆ ಪುಲ್ಲಿ, ಫ್ಲೈವೀಲ್ (ಕ್ರ್ಯಾಂಕಿನ ಹಿಂತುದಿಯ ಭಾರದ ಚಕ್ರ), ಬೇರಿಂಗ್ ಕಡೆ ಅನುಮಾನ. ಒಂದು ಎಚ್ಚರಿಕೆ: ಪಿಸ್ಟನ್ ಬಡಿತ ಜೋರಾಗುವುದು ಪೆಟ್ರೋಲ್ ಉರಿಯುವ ಹೊಡೆತದಲ್ಲೇ, ಹಾಗಾಗಿ ಅದೂ ಅರ್ಧ ವೇಗದಲ್ಲಿ ಕೇಳಿಸಬಹುದು. ಬರೀ ಇದೊಂದೇ ಪರೀಕ್ಷೆಯ ಮೇಲೆ ತೀರ್ಪು ಬೇಡ.

ಕೇಳಲು ಮೆಕ್ಯಾನಿಕ್ ಸ್ಟೆತೋಸ್ಕೋಪ್ ಒಳ್ಳೆಯದು. ಇಲ್ಲದಿದ್ದರೆ ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಲೋಹಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ತಾಗಿಸಿ, ಕಿವಿಯೊಳಗೆ ಇಡಬೇಡಿ. ಗಾಳಿ, ಹೊಗೆ ಸೋರುವ ಸದ್ದಿಗೆ ಲೋಹದ ಕಡ್ಡಿ ಪ್ರಯೋಜನವಿಲ್ಲ, ಅಲ್ಲಿ ಅರ್ಧ ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ಅನುಮಾನದ ಜಾಗದಲ್ಲಿ.

ಮೊಟ್ಟಮೊದಲು ಆಯಿಲ್

ಯಾವುದೇ ಸದ್ದಿರಲಿ, ಸಮತಟ್ಟು ನೆಲದಲ್ಲಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ. ಮಟ್ಟ ಕಡಿಮೆಯಿದ್ದರೆ ತುಂಬಿಸಿ ಮತ್ತೆ ಕೇಳಿ. ಮಟ್ಟ ಮೇಲಿನ ಗುರುತು ದಾಟಿದ್ದರೂ ತೊಂದರೆಯೇ: ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಗೆ ಬೇರಿಂಗ್ ಎತ್ತಿ ಹಿಡಿಯುವ ಶಕ್ತಿಯಿಲ್ಲ.

ಯಾರೂ ತುಂಬಿಸದೆ ಮಟ್ಟ ಏರಿದ್ದರೆ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಂ ಹರಿದು ಪೆಟ್ರೋಲ್ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ, ಇಳಿಯುತ್ತಿರಬಹುದು, ಅಥವಾ ಕಾರ್ಬ್ಯುರೇಟರ್ ಉಕ್ಕುತ್ತಿರಬಹುದು. ಇಂಥ ಆಯಿಲ್ ನೀರಾಗಿರುತ್ತದೆ. ಅದರಲ್ಲಿ ಒಳ್ಳೆಯ ಬೇರಿಂಗೂ ಬಡಿಯುತ್ತದೆ. ಪಂಪ್ ಸರಿಮಾಡಿ, ಆಯಿಲ್ ಬದಲಿಸುವವರೆಗೆ ಸ್ಟಾರ್ಟ್ ಮಾಡಬೇಡಿ. ಕಾಫಿಗೆ ಹಾಲು ಬೆರೆಸಿದ ಬಣ್ಣವಿದ್ದರೆ ನೀರು ಸೇರಿದೆ ಎಂದರ್ಥ.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡು ಕಟಕಟ ಎಂದು, ಪ್ರೆಷರ್ ಏರಿದ ಕೂಡಲೇ ನಿಂತರೆ ಆಯಿಲ್ ಫಿಲ್ಟರ್ ನೋಡಿ. ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇಲ್ಲದ ಅಗ್ಗದ ಫಿಲ್ಟರ್ ಹಾಕಿದಾಗ ರಾತ್ರಿಯಿಡೀ ಆಯಿಲ್ ಖಾಲಿಯಾಗಿ ಹೀಗಾಗುತ್ತದೆ. ಫಿಲ್ಟರ್ ಬದಲಿಸಿದರೂ ಅದೇ ಸದ್ದು, ಅದಕ್ಕಿಂತ ಹೆಚ್ಚು ಹೊತ್ತು ಉಳಿದರೆ ಕೊನೆಯ ಭಾಗಕ್ಕೆ ಹೋಗಿ.

ಕೀಚ್, ಕಿರ್ರ್, ಗೊರ್ರ್: ಎಂಜಿನ್ ಮುಂಭಾಗದ ಸದ್ದುಗಳು

ರೇಸ್ ಮಾಡಿದಾಗ, ಹೆಡ್‌ಲೈಟ್ ಹಾಕಿದಾಗ ಕೀಚ್ ಎಂದರೆ ಫ್ಯಾನ್ ಬೆಲ್ಟ್. ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 12–13 ಮಿಮೀ ತಗ್ಗಬೇಕು. ಎಂಜಿನ್ ಓಡುವಾಗ ದೂರದಿಂದ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ: ಸದ್ದು ಇನ್ನೂ ಜೋರಾದರೆ ಬೆಲ್ಟ್ ಸಡಿಲ, ನಿಂತು, ನೀರು ಆರಿದ ಮೇಲೆ ಮತ್ತೆ ಬಂದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ. ಸದ್ದು ಹೋಗಲಿ ಎಂದು ಬೆಲ್ಟನ್ನು ತಂತಿಯಂತೆ ಬಿಗಿ ಮಾಡುವವರಿದ್ದಾರೆ. ಕೀಚ್ ನಿಲ್ಲುತ್ತದೆ, ನಿಜ. ಮುಂದೆ ವಾಟರ್ ಪಂಪ್ ಮತ್ತು ಡೈನಮೋ ಬೇರಿಂಗ್ ಗೊರ್ರ್ ಎನ್ನತೊಡಗುತ್ತವೆ.

ಆ ಗೊರ್ರ್ ಬೆಲ್ಟಿನಿಂದ ಓಡುವ ಭಾಗದ್ದೇ ಎಂದು ಖಚಿತಪಡಿಸಿಕೊಳ್ಳಲು ಖರ್ಚಿಲ್ಲದ ದಾರಿಯಿದೆ. ತಣ್ಣಗಿನ ಎಂಜಿನ್‌ನ ಬೆಲ್ಟ್ ಬಿಚ್ಚಿ, ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಮಾತ್ರ ಕೇಳಿ. ನೀರು ಸುತ್ತುವುದಿಲ್ಲವಾದ್ದರಿಂದ ಅದಕ್ಕಿಂತ ಹೆಚ್ಚು ಬೇಡ. ಸದ್ದು ಹೋಗಿದ್ದರೆ ಎಂಜಿನ್ ಆಫ್ ಮಾಡಿ, ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ, ಅಲ್ಲಾಡಿಸಿ. ಫ್ಯಾನ್ ಹಿಂದೆ ಮುಂದೆ ಆಡಿದರೆ, ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗಿದ ಕಲೆಯಿದ್ದರೆ ವಾಟರ್ ಪಂಪ್ ಮುಗಿದಿದೆ. ಬಹಳಷ್ಟು ಡೈನಮೋಗಳ ಹಿಂದಿನ ತುದಿಯಲ್ಲಿ ಬುಶ್‌ಗೆ ಆಯಿಲ್ ಬಿಡುವ ಚಿಕ್ಕ ರಂಧ್ರವಿರುತ್ತದೆ. ಎರಡು ಮೂರು ಹನಿ ಎಂಜಿನ್ ಆಯಿಲ್ ಬಿಟ್ಟರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಹಾಗೇ ಕೈಗೆ ಸಿಕ್ಕಿದ್ದನ್ನೆಲ್ಲ ಅಲ್ಲಾಡಿಸಿ ನೋಡಿ: ಏರ್ ಕ್ಲೀನರ್ ನಟ್, ಡೈನಮೋ ಬ್ರ್ಯಾಕೆಟ್ ಬೋಲ್ಟ್, ಸೈಲೆನ್ಸರ್ ಕ್ಲ್ಯಾಂಪ್, ಬ್ಯಾಟರಿ ಪಟ್ಟಿ. ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೆ ಕ್ಲಚ್ ಬಿಡುವಾಗ ಒಮ್ಮೆ ದಡ್ ಎನ್ನುತ್ತದೆ, ಫ್ಯಾನ್ ರೇಡಿಯೇಟರಿನ ಕವಚಕ್ಕೆ ತಗುಲಿಯೂ ಸದ್ದಾಗಬಹುದು.

ಕ್ಲಚ್ ತುಳಿದಾಗ ಬದಲಾಗುವ ಸದ್ದು

ಪೆಡಲ್ ತುಳಿದಾಗ ಮಾತ್ರ ಬಂದರೆ ಕ್ಲಚ್ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಗೊರ್ರ್ ಎಂದು, ತುಳಿದರೆ ನಿಂತರೆ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಬೇರಿಂಗ್. ಇವೆರಡೂ ತಕ್ಷಣದ ಅಪಾಯವಲ್ಲ.

ತುಳಿದ ಕ್ಷಣದಲ್ಲಿ ಎಂಜಿನ್‌ನೊಳಗಿಂದ ಟಕ್ ಎಂದು ಬಡಿದು, ಕ್ರ್ಯಾಂಕ್ ಪುಲ್ಲಿ ಮುಂದಕ್ಕೆ ಸರಿದದ್ದು ಕಣ್ಣಿಗೆ ಕಂಡರೆ ಅದು ಬೇರೆಯೇ ಮಾತು. ಕ್ರ್ಯಾಂಕ್ ಉದ್ದುದ್ದಕ್ಕೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ. ಒಬ್ಬರು ಪೆಡಲ್ ತುಳಿಯಲಿ, ಇನ್ನೊಬ್ಬರು ಪುಲ್ಲಿಗೆ ಡಯಲ್ ಗೇಜ್ (ಸಣ್ಣ ಚಲನೆ ಅಳೆಯುವ ಮುಳ್ಳಿನ ಗೇಜ್) ಇಟ್ಟು ಅಳೆಯಲಿ (ಎಂಜಿನ್ ಆಫ್). ಸಾಮಾನ್ಯವಾಗಿ 0.05ರಿಂದ 0.20 ಮಿಮೀ ಒಳಗಿರಬೇಕು. ನಿಖರವಾದ ಅಂಕಿ ಆಯಾ ಎಂಜಿನ್‌ನ ಮ್ಯಾನ್ಯುಯಲ್‌ನಲ್ಲಿರುತ್ತದೆ. ಬ್ರಿಟನ್ನಿನ ಟ್ರಯಂಫ್ ಕಾರುಗಳ ಕೆಲವು ಎಂಜಿನ್‌ಗಳಲ್ಲಿ ಸವೆದ ವಾಷರ್ ಜಾರಿ ಸಂಪಿಗೇ ಬೀಳುವುದುಂಟು. ಆಮೇಲೆ ಕ್ರ್ಯಾಂಕ್ ಬ್ಲಾಕನ್ನೇ ಕೊರೆಯುತ್ತದೆ, ಅದಕ್ಕೆ ಸುಲಭದ ರಿಪೇರಿಯಿಲ್ಲ. ಮಿತಿ ಮೀರಿದ್ದರೆ ಓಡಿಸಬೇಡಿ.

ಟಿಕ್ ಟಿಕ್: ಮೇಲ್ಭಾಗದ ಹಗುರ ಸದ್ದು

ಟಿಕ್ ಟಿಕ್ ಕೇಳಿದ ಕೂಡಲೇ ಟ್ಯಾಪೆಟ್ ಟೈಟ್ ಮಾಡುವುದು ವಾಡಿಕೆ. ಅದಕ್ಕೆ ಮೊದಲು ಮೂರು ಬೇರೆ ಕಾರಣಗಳನ್ನು ಹೊರಗಿಡಬೇಕು.

ಎಕ್ಸಾಸ್ಟ್ ಸೋರಿಕೆ ಮೊದಲನೆಯದು. ತಣ್ಣಗಿದ್ದಾಗ ಜೋರಾಗಿ ಛಕ್ ಛಕ್ ಎಂದು, ಲೋಹ ಕಾದು ಹಿಗ್ಗಿದ ಮೇಲೆ ಸಣ್ಣದಾದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮೇಲೇ ಅನುಮಾನ. ಜಾಯಿಂಟಿನಲ್ಲಿ ಮಸಿಯ ಗೆರೆ ಹುಡುಕಿ. ಕಾಣದಿದ್ದರೆ ತಣ್ಣಗಿನ, ಆಫ್ ಆದ ಎಂಜಿನ್‌ನ ಸೈಲೆನ್ಸರ್ ಬಾಯಿಗೆ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಹೊರಬರುವ ಕಡೆಯ ಪೈಪ್ ಹಿಡಿದು, ಮ್ಯಾನಿಫೋಲ್ಡ್ ಸುತ್ತ ಸೋಪಿನ ನೀರು ಹಚ್ಚಿ; ಗುಳ್ಳೆ ಎದ್ದಲ್ಲಿ ಸೋರಿಕೆ. ನಟ್‌ಗಳನ್ನು ಮಧ್ಯದಿಂದ ಹೊರಕ್ಕೆ ಒಂದೊಂದಾಗಿ ಬಿಗಿ ಮಾಡಿ. ಸಡಿಲವಾದ ಸ್ಪಾರ್ಕ್ ಪ್ಲಗ್ ಕೂಡ ಇದೇ ಸದ್ದು ಮಾಡುತ್ತದೆ, ಅದರ ಬುಡಕ್ಕೂ ಒಂದು ಹನಿ ಸೋಪಿನ ನೀರು ಬಿಡಿ.

ಎರಡನೆಯದು ಕರೆಂಟ್ ಸೋರಿಕೆ. ಕತ್ತಲಲ್ಲಿ ಬಾನೆಟ್ ತೆರೆದು ಎಂಜಿನ್ ಓಡಿಸಿ. ಪ್ಲಗ್ ವೈರಿನಿಂದ ಬ್ಲಾಕಿಗೆ ನೀಲಿ ಕಿಡಿ ಹಾರುವುದು ಕಂಡರೆ ವೈರ್ ಬದಲಿಸಿ. ಓಡುವಾಗ ವೈರ್ ಮುಟ್ಟಬೇಡಿ. ಹತ್ತಿಪ್ಪತ್ತು ಸಾವಿರ ವೋಲ್ಟ್ ಇರುತ್ತದೆ. ಪೇಸ್‌ಮೇಕರ್ ಇರುವವರು ದೂರವೇ ನಿಲ್ಲಬೇಕು.

ಮೂರನೆಯದು ಪೆಟ್ರೋಲ್ ಪಂಪ್. ಮೆಕ್ಯಾನಿಕಲ್ ಪಂಪಿನ ಲಿವರ್ ಸವೆದರೆ ಥೇಟ್ ಟ್ಯಾಪೆಟ್ ಸದ್ದು. ಪಂಪಿನ ಮೈಗೆ ಸ್ಕ್ರೂಡ್ರೈವರ್ ಒತ್ತಿ ಕೇಳಿದರೆ ತಿಳಿಯುತ್ತದೆ. ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಇರುವ ಕಾರಿನಲ್ಲಿ ಎಂಜಿನ್ ಸ್ಟಾರ್ಟ್ ಆಗುವ ಮೊದಲೇ, ಇಗ್ನಿಷನ್ ಹಾಕಿದಾಗ ಟಿಕ್ ಟಿಕ್ ಕೇಳುವುದು ಸಹಜ. ಅದು ಕೆಲವು ಕ್ಷಣಗಳಲ್ಲಿ ನಿಧಾನವಾಗಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಪೆಟ್ರೋಲ್ ಸೋರುತ್ತಿದೆ ಅಥವಾ ಟ್ಯಾಂಕ್ ಖಾಲಿ.

ಇಷ್ಟೂ ಅಲ್ಲದಿದ್ದರೆ ಈಗ ಟ್ಯಾಪೆಟ್ ಕವರ್ ತೆಗೆಯಿರಿ. ಎಂಜಿನ್ ತಣ್ಣಗೋ ಬಿಸಿಯೋ ಎಂಬುದು ಮ್ಯಾನ್ಯುಯಲ್ ಹೇಳಿದಂತೆ. ಉದಾಹರಣೆಗೆ ಮಾರಿಸ್ ಮೈನರ್, ಮಿನಿ ಕಾರುಗಳ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಎ-ಸೀರೀಸ್ ಎಂಜಿನ್‌ಗೆ ತಣ್ಣಗಿದ್ದಾಗ ರಾಕರ್ ಮತ್ತು ವಾಲ್ವಿನ ನಡುವಿನ ಸಂದು 0.30 ಮಿಮೀ, ಅಂದರೆ 0.012 ಇಂಚು. ಇಂಥ ನಾಲ್ಕು ಸಿಲಿಂಡರ್, ಎಂಟು ವಾಲ್ವಿನ ಎಂಜಿನ್‌ಗಳಲ್ಲಿ ಒಂಬತ್ತರ ಲೆಕ್ಕ ನಡೆಯುತ್ತದೆ: ಮುಂದಿನಿಂದ ಎಣಿಸಿ, 8ನೇ ವಾಲ್ವ್ ಪೂರ್ತಿ ತೆರೆದಿದ್ದಾಗ 1ನೆಯದನ್ನು ಹೊಂದಿಸಿ, 6 ತೆರೆದಾಗ 3, 4 ತೆರೆದಾಗ 5, 7 ತೆರೆದಾಗ 2. ಕೂಡಿದರೆ ಯಾವಾಗಲೂ ಒಂಬತ್ತು. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದಿಟ್ಟರೆ ಎಂಜಿನ್ ಕೈಯಲ್ಲಿ ಸುಲಭವಾಗಿ ತಿರುಗುತ್ತದೆ.

ಇಲ್ಲೊಂದು ಬಲೆಯಿದೆ. ಎಲ್ಲ ಟ್ಯಾಪೆಟ್ ಸರಿಯಾಗಿ ಹೊಂದಿಸಿದ್ದಾಯಿತು, ಸದ್ದು ಹಾಗೇ ಇದೆ. ರಾಕರ್ ತೆಗೆದು, ವಾಲ್ವಿನ ತುದಿಗೆ ಬಡಿಯುವ ಅದರ ಮೊಗವನ್ನು ಬೆಳಕಿಗೆ ಹಿಡಿದು ನೋಡಿ. ಸವೆದು ಸಣ್ಣ ಗುಳಿ ಬಿದ್ದಿರುತ್ತದೆ. ಸಂದು ಅಳೆಯುವ ಫೀಲರ್ ಗೇಜಿನ ಚಪ್ಪಟೆ ಪಟ್ಟಿ ಗುಳಿಯೊಳಗೆ ಇಳಿಯದೆ ಅದರ ಎರಡು ಅಂಚಿನ ಮೇಲೆ ಸೇತುವೆಯಾಗಿ ಕೂರುತ್ತದೆ. ಗೇಜ್ 0.30 ಎನ್ನುತ್ತದೆ, ಗುಳಿ 0.10 ಆಳವಿದ್ದರೆ ವಾಲ್ವಿಗೆ ಸಿಗುವ ಸಂದು 0.40. ಇಂಥಲ್ಲಿ ರಾಕರ್ ಮೊಗವನ್ನು ಗ್ರೈಂಡ್ ಮಾಡಿಸಬೇಕು ಅಥವಾ ರಾಕರ್ ಬದಲಿಸಬೇಕು. ಗೇಜನ್ನು ಲೆಕ್ಕಿಸದೆ ಸದ್ದು ನಿಲ್ಲುವವರೆಗೆ ಸ್ಕ್ರೂ ತಿರುಗಿಸಿದರೆ, ಗುಳಿಯಿಲ್ಲದ ಟ್ಯಾಪೆಟ್‌ಗಳೂ ಸೇರಿ ಬಿಗಿಯಾಗುತ್ತವೆ. ವಾಲ್ವ್ ತನ್ನ ಶಾಖವನ್ನು ಬಿಟ್ಟುಕೊಡುವುದು ಸೀಟಿಗೆ ಕೂತ ಹೊತ್ತಿನಲ್ಲಿ; ಬಿಗಿ ಟ್ಯಾಪೆಟ್ ಅದನ್ನು ಪೂರ್ತಿ ಕೂರಲು ಬಿಡುವುದಿಲ್ಲ, ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್‌ನಿಂದ ಹಾನಿ ಕಡಿಮೆ. ಒಂದೂ ಸದ್ದಿಲ್ಲದ ಹಳೆಯ ಎಂಜಿನ್ ಕಂಡರೆ ನಾವು ಮೊದಲು ಫೀಲರ್ ಗೇಜ್ ಕೇಳುವವರು.

ರಾಕರ್ ಶಾಫ್ಟಿನ ಕೆಳಮೈಯನ್ನೂ ಬೆರಳಿನಿಂದ ಸವರಿ ನೋಡಿ. ಸವೆತ ಅಲ್ಲೇ ಆಗುವುದು, ಮೇಲಿನಿಂದ ಕಾಣುವುದಿಲ್ಲ. ಶಾಫ್ಟಿನ ಆಯಿಲ್ ರಂಧ್ರಗಳು ಕಿಟ್ಟ ಕಟ್ಟಿದ್ದರೆ ತುದಿಯ ರಾಕರ್‌ಗಳು ಮೊದಲು ಒಣಗುತ್ತವೆ.

ಒಂದೇ ಟ್ಯಾಪೆಟ್ ಪದೇ ಪದೇ ಸಡಿಲವಾಗುತ್ತಿದ್ದರೆ ರಾಕರ್ ಬಿಟ್ಟು ಕೆಳಗೆ ಯೋಚಿಸಿ: ಕ್ಯಾಮ್‌ನ ಮೂಗು ಸವೆಯುತ್ತಿದೆ. ಪುಶ್‌ರಾಡ್ ಮೇಲೆ ಡಯಲ್ ಗೇಜ್ ಇಟ್ಟು ಎಂಜಿನ್ ತಿರುಗಿಸಿ, ಪ್ರತಿ ವಾಲ್ವಿನ ಎತ್ತರ ಬರೆದುಕೊಳ್ಳಿ. ಇನ್‌ಲೆಟ್‌ಗಳನ್ನು ಇನ್‌ಲೆಟ್‌ಗಳ ಜೊತೆ, ಎಕ್ಸಾಸ್ಟ್‌ಗಳನ್ನು ಎಕ್ಸಾಸ್ಟ್‌ಗಳ ಜೊತೆ ಹೋಲಿಸಿದಾಗ ಒಂದು ಮಾತ್ರ ಕಾಲು ಮಿಮೀಗಿಂತ ಹೆಚ್ಚು ಹಿಂದೆ ಬಿದ್ದಿದ್ದರೆ ಕ್ಯಾಮ್ ಮತ್ತು ಅದರ ಮೇಲೆ ಕೂರುವ ಟ್ಯಾಪೆಟ್ ಬಟ್ಟಲುಗಳನ್ನು ಒಟ್ಟಿಗೇ ಬದಲಿಸಬೇಕು. ಹಳೆಯ ಬಟ್ಟಲಿನ ಮೇಲೆ ಹೊಸ ಕ್ಯಾಮ್ ಬಾಳುವುದಿಲ್ಲ. ಇದಕ್ಕೆ ಆಯಿಲ್ ಆಯ್ಕೆಯೂ ಕಾರಣವಾಗಬಹುದು. ಕ್ಯಾಮ್ ಮೇಲೆ ಚಪ್ಪಟೆ ಟ್ಯಾಪೆಟ್ ಉಜ್ಜುವ ಹಳೆಯ ಎಂಜಿನ್‌ಗೆ ಸತು–ರಂಜಕದ ಸಂಯುಕ್ತ ಹೆಚ್ಚು ಬೇಕು. ಈಗಿನ ಕಾರುಗಳ ತೆಳು ಆಯಿಲ್‌ಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕಾಪಾಡಲು ರಂಜಕವನ್ನು 0.08 ಪ್ರತಿಶತಕ್ಕೆ ಸೀಮಿತ ಮಾಡಿದ್ದಾರೆ. ಹಳೆಯ ಕಾರಿಗೆಂದೇ ತಯಾರಾದ 20ಡಬ್ಲ್ಯೂ-50 ದಪ್ಪದ ಆಯಿಲ್ ಹಾಕಿ.

ಸುಯ್ ಮತ್ತು ಬುಸ್

ಐಡಲಿಂಗ್‌ನಲ್ಲಿ ಸುಯ್ ಎಂದು, ಎಂಜಿನ್ ಏರಿಳಿಯುತ್ತಿದ್ದರೆ ಇನ್‌ಲೆಟ್ ಮ್ಯಾನಿಫೋಲ್ಡಿಗೆ ಎಲ್ಲೋ ಗಾಳಿ ನುಗ್ಗುತ್ತಿದೆ. ಬ್ರೇಕಿಗೆ ಬಲ ಕೂಡಿಸುವ ಸರ್ವೋದ ಪೈಪ್ ಇದ್ದರೆ ಅದನ್ನು ಹಿಚುಕಿ ಹಿಡಿಯಿರಿ. ಸದ್ದು ನಿಂತರೆ ಪೈಪ್ ಅಥವಾ ಸರ್ವೋ, ಅಂದರೆ ಬ್ರೇಕಿನ ವಿಷಯ, ಮುಂದೂಡುವಂತಿಲ್ಲ. ಉಳಿದ ಜಾಯಿಂಟುಗಳಿಗೆ, ಕಾರ್ಬ್ಯುರೇಟರ್ ಬುಡಕ್ಕೆ ಸೋಪಿನ ನೀರು ಸಿಂಪಡಿಸಿ. ವೇಗ ಬದಲಾದಲ್ಲಿ ಸೋರಿಕೆ. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಬಳಸಿ ಹುಡುಕುವ ರೂಢಿಯಿದೆ, ಕಾದ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಬೆಂಕಿ. ನೀರಿನಲ್ಲಿ ಆಗುವ ಕೆಲಸಕ್ಕೆ ಅದು ಬೇಡ.

ಮುಂಭಾಗದಲ್ಲಿ ಖಣಖಣ, ಆಕ್ಸಿಲರೇಟರ್ ಬಿಟ್ಟಾಗ ಜೋರು

ಕ್ರ್ಯಾಂಕ್‌ನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಉದ್ದವಾಗಿ ಕವಚಕ್ಕೆ ಬಡಿಯುತ್ತಿದೆ. ಬಿಚ್ಚದೆಯೇ ಅಳೆಯಬಹುದು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರಿನಿಂದ ಒಂದು ದಿಕ್ಕಿಗೆ ತಿರುಗಿಸಿ ನಿಲ್ಲಿಸಿ, ಪುಲ್ಲಿಯ ಮೇಲೆ ಗುರುತು ಹಾಕಿ. ಈಗ ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಅದರೊಳಗೆ ತಿರುಗುವ ತೋಳು, ಅಂದರೆ ರೋಟರ್, ನೋಡುತ್ತಿರಿ. ರೋಟರ್ ಕದಲುವ ಮೊದಲು ಪುಲ್ಲಿ 10 ಡಿಗ್ರಿಯ ಹತ್ತಿರ ಸಾಗಿದರೆ ಚೈನ್ ಮುಗಿದಿದೆ (ಡಿಸ್ಟ್ರಿಬ್ಯೂಟರ್ ಗೇರಿನ ಸಡಿಲವೂ ಈ ಅಳತೆಯಲ್ಲಿ ಸ್ವಲ್ಪ ಸೇರಿರುತ್ತದೆ). ಚೈನ್ ಜೊತೆ ಟೆನ್ಷನರ್, ಎರಡು ಹಲ್ಲುಚಕ್ರ ಎಲ್ಲ ಒಟ್ಟಿಗೆ ಬದಲಿಸಿ.

ಏರು ಹತ್ತುವಾಗ ಕಿಣಿಕಿಣಿ

ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ತಗಡಿನ ಡಬ್ಬಿಯಲ್ಲಿ ಗುಂಡುಸೂಜಿ ಅಲ್ಲಾಡಿಸಿದಂಥ ಸದ್ದು ಬಂದು, ಕಾಲು ಸಡಿಲಿಸಿದೊಡನೆ ನಿಂತರೆ ಅದು ಪಿಂಕಿಂಗ್. ಯಾವ ಭಾಗವೂ ಸಡಿಲವಾಗಿಲ್ಲ. ಪೆಟ್ರೋಲ್ ಹದ ತಪ್ಪಿ ಉರಿಯುತ್ತಿದೆ. ಹಾಗೆಂದು ಓಡಿಸುತ್ತ ಹೋದರೆ ಪಿಸ್ಟನ್ ತಲೆಯೇ ತೂತಾಗುತ್ತದೆ, ರಿಂಗ್ ಮುರಿಯುತ್ತದೆ.

ಗೇರ್ ಇಳಿಸಿ ಮನೆ ಸೇರಿ, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ನೋಡಿ. 2 ಡಿಗ್ರಿ ಹಿಂದಕ್ಕೆ ತಂದು ಅದೇ ಏರಿನಲ್ಲಿ ಪರೀಕ್ಷಿಸಿ. ಐಡಲಿಂಗ್‌ನಲ್ಲಿ ಟೈಮಿಂಗ್ ಸರಿಯಿದ್ದೂ ಪಿಂಕಿಂಗ್ ಬಂದರೆ ಡಿಸ್ಟ್ರಿಬ್ಯೂಟರಿನೊಳಗಿನ ತೂಕಗಳ ಸ್ಪ್ರಿಂಗ್ ಸೋತು, ವೇಗ ಏರಿದಾಗ ಟೈಮಿಂಗ್ ಮುಂದೋಡುತ್ತಿರಬಹುದು. ಟೈಮಿಂಗ್ ಲೈಟ್ ಹಿಡಿದು 3000 ಆರ್‌ಪಿಎಂವರೆಗೆ (ನಿಮಿಷಕ್ಕೆ 3000 ಸುತ್ತು) ಏರಿಸಿ ಮ್ಯಾನ್ಯುಯಲ್ ಅಂಕಿಯೊಂದಿಗೆ ಹೋಲಿಸಿ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾದರೂ ಪಿಂಕಿಂಗ್ ಬರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಕಾರ್ಬ್ಯುರೇಟರಿನ ಹಳೆಯ ಜೆಟ್‌ಗಳಲ್ಲಿ (ಪೆಟ್ರೋಲ್ ಬರುವ ಸಣ್ಣ ರಂಧ್ರ) ಮಿಶ್ರಣವನ್ನು ಇನ್ನಷ್ಟು ತೆಳುವಾಗಿಸುತ್ತದೆ, ಅದನ್ನು ಲೆಕ್ಕಕ್ಕೆ ತಗೊಳ್ಳಿ. ಎಂಜಿನ್ ಅತಿಯಾಗಿ ಕಾಯುವುದು, ಹೆಡ್ಡಿನಲ್ಲಿ ಕಟ್ಟಿದ ಕಾರ್ಬನ್, ಕಡಿಮೆ ಆಕ್ಟೇನ್ ಉಳಿದ ಕಾರಣಗಳು. ಇಗ್ನಿಷನ್ ಆಫ್ ಮಾಡಿದ ಮೇಲೂ ಎಂಜಿನ್ ಉಗ್ಗುತ್ತ ಓಡುತ್ತಿದ್ದರೆ ಕಾರ್ಬನ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

ತಣ್ಣಗಿದ್ದಾಗ ಟೊಳ್ಳು ಕಟಕಟ, ಕಾದ ಮೇಲೆ ಮಾಯ

ಸಿಲಿಂಡರ್ ಸವೆದು, ಪಿಸ್ಟನ್ ಅದರೊಳಗೆ ವಾಲಾಡುತ್ತಿದೆ. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಸಿಲಿಂಡರಿಗಿಂತ ಹೆಚ್ಚು ಹಿಗ್ಗುವುದರಿಂದ ಕಾದಂತೆ ಸಂದು ಮುಚ್ಚುತ್ತದೆ. ಅನುಮಾನದ ಸಿಲಿಂಡರಿನ ಪ್ಲಗ್ ತೆಗೆದು ಎರಡು ಟೀ ಚಮಚ ಎಂಜಿನ್ ಆಯಿಲ್ ಬಿಡಿ, ಪ್ಲಗ್ ಹಾಕುವ ಮೊದಲು ಸ್ಟಾರ್ಟರಿನಿಂದ ಕೆಲವು ಸುತ್ತು ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಸ್ವಲ್ಪ ಹೊತ್ತು ಸದ್ದು ತಗ್ಗಿದರೆ ಅದೇ. ಎರಡು ನಿಮಿಷದಲ್ಲಿ ನಿಲ್ಲುವ ಪಿಸ್ಟನ್ ಸದ್ದಿನೊಂದಿಗೆ ಎಂಜಿನ್ ಬಹಳ ಕಾಲ ಬದುಕುತ್ತದೆ. ನೀಲಿ ಹೊಗೆ ಸೇರಿದಾಗ ಬೋರ್ ಮಾಡಿಸುವ (ಸಿಲಿಂಡರ್ ಕೊರೆದು ಹಿಗ್ಗಿಸುವ) ಯೋಚನೆ ಮಾಡಿದರೆ ಸಾಕು. ಕಾದ ಮೇಲೂ ನಿಲ್ಲದ ಸದ್ದು ಬೇರೆ: ಪಿಸ್ಟನ್ ಬಿರುಕು ಬಿಟ್ಟಿರಬಹುದು, ಓಡಿಸಬೇಡಿ.

ಕೆಳಗಿನಿಂದ ಢಕ್ ಢಕ್

ಮೊದಲು ಸೋಗುಗಾರರನ್ನು ಹಿಡಿಯಿರಿ. ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಸಡಿಲವಾದರೂ, ಪುಲ್ಲಿಯ ರಬ್ಬರ್ ಡ್ಯಾಂಪರ್ ಬಿಟ್ಟುಕೊಂಡರೂ, ಫ್ಲೈವೀಲ್ ಬೋಲ್ಟ್ ಸಡಿಲಾದರೂ ಬೇರಿಂಗ್ ಹೋದಂತೆಯೇ ಬಡಿಯುತ್ತದೆ. ಇವುಗಳಲ್ಲಿ ಆಯಿಲ್ ಪ್ರೆಷರ್ ಸರಿಯಾಗಿರುತ್ತದೆ. ಪುಲ್ಲಿಗೆ ಸ್ಪ್ಯಾನರ್ ಹಾಕಿ ನೋಡುವುದು ಐದು ನಿಮಿಷದ ಕೆಲಸ. ಅದನ್ನು ಬಿಟ್ಟು ಎಂಜಿನ್ ಇಳಿಸಿದ ಉದಾಹರಣೆಗಳು ಬೇಕಾದಷ್ಟಿವೆ.

ಆಮೇಲೆ ಪ್ರೆಷರ್. ಡ್ಯಾಶ್‌ಬೋರ್ಡಿನ ಹಳೆಯ ಮುಳ್ಳನ್ನು ನಂಬದೆ, ಸ್ವಿಚ್ ಇರುವ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿ. ಎಂಜಿನ್ ಪೂರ್ತಿ ಕಾದಿರುವಾಗ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎಂಬುದು ಗ್ಯಾರೇಜಿನ ಲೆಕ್ಕ. ಅಂತಿಮ ಮಾತು ಮ್ಯಾನ್ಯುಯಲ್‌ನದು. ತಣ್ಣಗಿದ್ದಾಗ ಚೆನ್ನಾಗಿದ್ದು ಕಾದ ಮೇಲೆ ಕುಸಿದರೆ ಬೇರಿಂಗ್ ಸಂದು ಹಿಗ್ಗಿದೆ.

ಪ್ರೆಷರ್ ತಡೆದುಕೊಳ್ಳುವಷ್ಟಿದ್ದರೆ ಮಾತ್ರ ಸಿಲಿಂಡರ್ ಪರೀಕ್ಷೆ ಮಾಡಿ. ಎಂಜಿನ್ ಆಫ್ ಇರುವಾಗಲೇ ಒಂದು ಪ್ಲಗ್ಗಿನ ವೈರ್ ತೆಗೆದು, ಅದರ ತುದಿಯನ್ನು ಜಂಪರ್ ವೈರಿನಿಂದ ಬ್ಲಾಕಿಗೆ ಗಟ್ಟಿಯಾಗಿ ಜೋಡಿಸಿ. ವೈರನ್ನು ಸುಮ್ಮನೆ ನೇತಾಡಲು ಬಿಟ್ಟರೆ ಕಾಯಿಲ್ ಹಾಳಾಗಬಹುದು, ಕಿಡಿ ಎಲ್ಲಿಗಾದರೂ ಹಾರಬಹುದು. ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲವೆಂದು ನೋಡಿಕೊಂಡು ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಕೇಳಿ, ಆಫ್ ಮಾಡಿ, ಮುಂದಿನ ಸಿಲಿಂಡರಿಗೆ ಹೋಗಿ. ಉರಿಯದ ಸಿಲಿಂಡರಿನ ಪೆಟ್ರೋಲ್ ಗೋಡೆಯ ಆಯಿಲನ್ನು ತೊಳೆಯುತ್ತದೆ, ಅದಕ್ಕೇ ಹೆಚ್ಚು ಹೊತ್ತು ಬೇಡ.

ಒಂದು ಸಿಲಿಂಡರ್ ನಿಲ್ಲಿಸಿದಾಗ ಬಡಿತ ಸ್ಪಷ್ಟವಾಗಿ ತಗ್ಗಿದರೆ ಅದರ ಬಿಗ್ ಎಂಡ್ ಬೇರಿಂಗ್. ಕಾದ ಮೇಲೆ, 2000 ಆರ್‌ಪಿಎಂ ಆಸುಪಾಸಿನಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಹಿಡಿದಾಗ ಅಥವಾ ಬಿಟ್ಟಾಗ ಇದು ಜೋರು. ಯಾವ ಒಂದು ಸಿಲಿಂಡರ್ ನಿಲ್ಲಿಸಿದರೂ ಬದಲಾಗದೆ, ಪಕ್ಕಪಕ್ಕದ ಎರಡನ್ನು ನಿಲ್ಲಿಸಿದಾಗ ತಗ್ಗಿದರೆ ಆ ಎರಡರ ನಡುವೆ ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿದಿರುವ ಮೇನ್ ಬೇರಿಂಗ್. ಭಾರ ಎಳೆಯುವಾಗ ಕಾಲಿಗೆ ತಾಗುವಂಥ ಗುಡುಗು ಅದರ ಗುರುತು. ಐಡಲಿಂಗ್‌ನಲ್ಲಿ ಹಗುರವಾದ ಜೋಡಿ ಬಡಿತ ಟಕ್‌ಟಕ್, ಟಕ್‌ಟಕ್ ಎಂದು ಬಂದು, ಪ್ಲಗ್ ನಿಲ್ಲಿಸಿದಾಗ ಅದರ ಲಯ ಬದಲಾದರೆ ಪಿಸ್ಟನ್ ಪಿನ್ (ಪಿಸ್ಟನ್ನನ್ನು ಅದರ ರಾಡಿಗೆ ಸೇರಿಸುವ ಪಿನ್). ಯಾವ ಸಿಲಿಂಡರ್ ನಿಲ್ಲಿಸಿದರೂ ಏನೂ ಬದಲಾಗದ ಹಗುರ ಸದ್ದು ಮತ್ತೆ ಟ್ಯಾಪೆಟ್ ಕಡೆಗೇ ಕಳಿಸುತ್ತದೆ.

ಸಾಕ್ಷಿ ಆಯಿಲ್‌ನಲ್ಲಿದೆ. ಬೆಚ್ಚಗಿರುವಾಗ ಆಯಿಲನ್ನು ತೆಳು ನೈಲಾನ್ ಬಟ್ಟೆಯ ಮೂಲಕ ಶುಚಿಯಾದ ಪಾತ್ರೆಗೆ ಇಳಿಸಿ, ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಕೈಗೆ ಗ್ಲೌಸ್ ಇರಲಿ. ಮ್ಯಾಗ್ನೆಟ್‌ಗೆ ಅಂಟುವ ಚೂರು ಕ್ಯಾಮ್, ಟ್ಯಾಪೆಟ್, ಚೈನ್‌ನಿಂದ ಬಂದದ್ದು. ಅಂಟದ ಮೆತ್ತನೆಯ ಬೂದು ಹೊಳಪಿನ ಪದರಗಳು ಬೇರಿಂಗ್ ಶೆಲ್ಲಿನ ಮೇಲ್ಮೈ. ತಾಮ್ರದ ಬಣ್ಣ ಕಂಡರೆ ಶೆಲ್ಲಿನ ಮೇಲ್ಪದರ ಪೂರ್ತಿ ಹೋಗಿ ಒಳಪದರ ಸವೆಯುತ್ತಿದೆ, ಇಲ್ಲವೇ ಪಿಸ್ಟನ್ ಪಿನ್‌ನ ಬುಶ್. ಅಂಟದ, ಹಗುರವಾದ, ಗಡಸು ಬಿಳಿ ಚೂರು ಪಿಸ್ಟನ್‌ನದು.

ಇಲ್ಲಿಂದ ಮುಂದೆ ಅಳತೆಯ ಉಪಕರಣ, ಟಾರ್ಕ್ ರೆಂಚ್, ಮ್ಯಾನ್ಯುಯಲ್ ಇಲ್ಲದವರು ಎಂಜಿನ್ ಬಿಚ್ಚುವವರಿಗೆ ಕೊಡುವುದೇ ಸರಿ. ಬರೆದುಕೊಂಡ ಹಾಳೆ, ಪ್ರೆಷರ್ ಅಂಕಿ, ಬಟ್ಟೆಯಲ್ಲಿ ಸಿಕ್ಕಿದ ಚೂರುಗಳನ್ನೂ ಕೊಡಿ. ಸಂಪ್ ಇಳಿಸಿ ನೀವೇ ನೋಡುವುದಾದರೆ ಒಂದೊಂದೇ ಬಿಗ್ ಎಂಡ್ ಕ್ಯಾಪ್ ತೆಗೆಯಿರಿ, ಅದೇ ಜಾಗಕ್ಕೆ ಅದೇ ದಿಕ್ಕಿನಲ್ಲಿ ಮರಳುವಂತೆ ಗುರುತು ಹಾಕಿ. ಕ್ರ್ಯಾಂಕ್ ಜರ್ನಲ್ (ಬೇರಿಂಗ್ ಕೂರುವ ನುಣುಪು ಭಾಗ) ಮೇಲೆ ಉಗುರು ಎಳೆದಾಗ ಗೀರು ತಡೆದರೆ, ಇಲ್ಲವೇ ಮೈಕ್ರೋಮೀಟರ್ ಅದನ್ನು ಅಂಡಾಕಾರ ಎಂದು ತೋರಿಸಿದರೆ ಹೊಸ ಶೆಲ್ ಹಾಕುವುದು ವ್ಯರ್ಥ: ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ (ಸಣ್ಣದಾದ ಜರ್ನಲ್‌ಗೆ ಹೊಂದುವ) ಶೆಲ್ ಹಾಕಬೇಕು. ಜರ್ನಲ್ ಚೆನ್ನಾಗಿದ್ದರೆ ಶೆಲ್ ಬದಲಿಸಿ, ಪ್ಲಾಸ್ಟಿಗೇಜ್‌ನಿಂದ (ಬಿಗಿದಾಗ ಚಪ್ಪಟೆಯಾಗಿ ಸಂದು ತೋರಿಸುವ ಪ್ಲಾಸ್ಟಿಕ್ ಎಳೆ) ಸಂದು ಅಳೆದು ನೋಡಿ. ಆಯಿಲ್ ಪಂಪ್ ಮತ್ತು ಅದರ ಜಾಲರಿಯನ್ನು ಅದೇ ಹೊತ್ತಿನಲ್ಲಿ ಬಿಚ್ಚಿ ತೊಳೆಯಿರಿ. ಜೋಡಿಸಿದ ಮೇಲೆ ಪ್ಲಗ್‌ಗಳನ್ನು ಹೊರಗಿಟ್ಟು, ಇಗ್ನಿಷನ್ ಕಾಯಿಲಿನ ವೈರ್ ಬಿಚ್ಚಿ, ಗೇಜಿನಲ್ಲಿ ಪ್ರೆಷರ್ ಕಾಣುವವರೆಗೆ ಸ್ಟಾರ್ಟರಿನಿಂದಲೇ ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿ. ಮುಳ್ಳು ಏಳದಿದ್ದರೆ ಪಂಪಿಗೆ ಆಯಿಲ್ ತುಂಬಿಸಿ ಮತ್ತೆ ತಿರುಗಿಸಿ. ಎದ್ದ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ.